ನನ್ನ ಹೆಸರನ್ನೂ ಬರ್ಕೊಳ್ರಿ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಸಣ್ಣ ಹಳ್ಳಿ. ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಗಳು 4ನೇ ತರಗತಿ, ಮಗ 2ನೇ ತರಗತಿ. ನಾನು ಎಸ್ಸೆಸ್ಸೆಲ್ಸಿ ಫೇಲ್. ಎರಡು ಎಕರೆ ಮೆಕ್ಕೆಜೋಳ ಇದೆ, ಉಳಿದ ದಿನ ಕೂಲಿ. ಮುಂದಿನ ತಿಂಗಳು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೊಸದಾಗಿ ಮಾಡ್ತಾರಂತೆ. ನಾನೂ ನಿಲ್ಲಬೇಕು ಅಂತ ಆಸೆ. ಹುಡುಗಿಯರ ಶೌಚಾಲಯಕ್ಕೆ ಬೀಗ ಬಿದ್ದು ಬಹಳ ದಿನ ಆಯ್ತು, ಮಗಳು ಶಾಲೆಯಲ್ಲಿ ನೀರೇ ಕುಡಿಯದೆ ಸಂಜೆ ಮನೆಗೆ ಬರ್ತಾಳೆ. ಆದರೆ ಆಂಜನೇಯನ ಗುಡಿ ಕಟ್ಟೆ ಮೇಲೆ ದೈವಸ್ಥರು (ಊರಿನ ಹಿರಿಯರು) ಕೂತು ಆಗಲೇ ಹೆಸರು ಬರೆದಿದ್ದಾರಂತೆ. ಚುನಾವಣೆ ಅಂದ್ರೆ ಊರು ಒಡೀತದೆ, ಅವಿರೋಧ ಮಾಡ್ತೀವಿ ಅಂತಾರೆ. ಮನೆಯವರು, ‘ನಿನಗ್ಯಾಕೆ ಈ ಉಸಾಬರಿ, ನಾಳೆ ಹುಡುಗರಿಗೆ ಮೇಷ್ಟ್ರು ತೊಂದ್ರೆ ಕೊಟ್ರೆ ಏನ್ ಮಾಡ್ತಿ’ ಅಂತಾರೆ. ನಾನು ನಿಲ್ಲಬಹುದಾ? ಆರಿಸಿ ಬಂದರೆ ಏನಾದ್ರೂ ಮಾಡೋಕಾಗುತ್ತಾ?
— ಹೆಸರು ಬೇಡ, ಜಗಳೂರು ತಾಲ್ಲೂಕು

ಉತ್ತರ: ನಿಲ್ಲಿ ತಾಯಿ, ಹಿಂದೆ ಮುಂದೆ ನೋಡದೆ ನಿಲ್ಲಿ. ಮಗಳು ನೀರೇ ಕುಡಿಯದೆ ಮನೆಗೆ ಬರುತ್ತಾಳೆ ಅಂತ ನೀವು ಬರೆದಿದ್ದೀರಿ. ಆ ಮಾತು ಯಾರ ಬಾಯಲ್ಲಿ ಬರುತ್ತದೋ ಅವರೇ ಆ ಸಮಿತಿಯಲ್ಲಿ ಕೂರಬೇಕಾದವರು. ಕಟ್ಟೆ ಮೇಲೆ ಕೂತು ಪಟ್ಟಿ ಬರೆದವರಲ್ಲಿ ಎಷ್ಟು ಜನರ ಮಕ್ಕಳು, ಮೊಮ್ಮಕ್ಕಳು ನಿಮ್ಮ ಶಾಲೆಯಲ್ಲಿದ್ದಾರೆ ಅಂತ ಒಮ್ಮೆ ಎಣಿಸಿ ನೋಡಿ. ನಾನು ಕೆಲಸ ಮಾಡಿದ ಹಳ್ಳಿಗಳಲ್ಲಿ ಬೆಳಿಗ್ಗೆ ಹಳದಿ ವ್ಯಾನು ಬಂದು ಉಳ್ಳವರ ಮಕ್ಕಳನ್ನು ಕರೆದುಕೊಂಡು ಹೋಗುತ್ತಿತ್ತು. ಸರ್ಕಾರಿ ಶಾಲೆಯಲ್ಲಿ ಉಳಿಯುತ್ತಿದ್ದುದು ಕೂಲಿಯವರ ಮಕ್ಕಳು. ಆ ಮಕ್ಕಳ ಶಾಲೆಯ ಸಮಿತಿ ಯಾರ್‍ಯಾರು ಅಂತ ತೀರ್ಮಾನ ಮಾತ್ರ ವ್ಯಾನಿಗೆ ಮಕ್ಕಳನ್ನು ಹತ್ತಿಸಿ ಬಂದವರದು. ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು, ಈಗಲೂ ಆಗುತ್ತದೆ.

ಕಾನೂನು ನಿಮ್ಮ ಕಡೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಹೇಳುವ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಅಲ್ಲಿ ಓದುವ ಮಕ್ಕಳ ತಂದೆ-ತಾಯಿ ಅಥವಾ ಪೋಷಕರು ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಹಿಂದುಳಿದ, ದುರ್ಬಲ ವರ್ಗಗಳ ಮಕ್ಕಳ ತಂದೆ-ತಾಯಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು. ನಮ್ಮ ರಾಜ್ಯದಲ್ಲಿ ಪೋಷಕರ ಪ್ರತಿನಿಧಿಗಳು 18 ಜನ. ಅಂದಮೇಲೆ 9 ಜನ ತಾಯಂದಿರು ಇಲ್ಲದೆ ಆ ಸಮಿತಿ ಸಮಿತಿಯೇ ಅಲ್ಲ. ನೀವು ಯಾರನ್ನೂ ಅಂಗಲಾಚಿ ಕೇಳುತ್ತಿಲ್ಲ, ಖಾಲಿ ಬಿಡುವ ಹಾಗೇ ಇಲ್ಲದ ಜಾಗವನ್ನು ಕೇಳುತ್ತಿದ್ದೀರಿ. ಎಸ್ಸೆಸ್ಸೆಲ್ಸಿ ಫೇಲಾದದ್ದು ಅಡ್ಡಿ ಬರುವುದಿಲ್ಲ. ಕಾಯ್ದೆ ಕೇಳುವುದು ನಿಮ್ಮ ಮಗು ಅಲ್ಲಿ ಓದುತ್ತಿದೆಯೇ ಅಂತ, ನೀವು ಎಷ್ಟು ಓದಿದ್ದೀರಿ ಅಂತಲ್ಲ. ಮಗ ಇನ್ನೂ 2ನೇ ತರಗತಿ ಆದ್ದರಿಂದ ಅವನು 5ನೇ ತರಗತಿ ಮುಗಿಸುವವರೆಗೂ ನಿಮ್ಮ ಸದಸ್ಯತ್ವಕ್ಕೆ ತೊಂದರೆಯಿಲ್ಲ.

2001ರಲ್ಲಿ ಸರ್ಕಾರ ಈ ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ತಂದಾಗ ನಾನು ಸರ್ವೀಸಿನಲ್ಲಿದ್ದೆ. ಅದಕ್ಕೂ ಮೊದಲು ಗ್ರಾಮ ಶಿಕ್ಷಣ ಸಮಿತಿ, ಬೆಟರ್‌ಮೆಂಟ್ ಕಮಿಟಿ ಅಂತೆಲ್ಲ ಇದ್ದವು. ಅವುಗಳಲ್ಲಿ ಊರಿನ ದೊಡ್ಡವರು ಕೂರುತ್ತಿದ್ದರು. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯ ಮೇಲೆ ತಂದೆ-ತಾಯಂದಿರಿಗೆ ಅಧಿಕಾರ ಬಂತು. ಶಾಲೆ ಇಲಾಖೆಯದೂ ಅಲ್ಲ, ಪಂಚಾಯ್ತಿಯದೂ ಅಲ್ಲ, ಅಲ್ಲಿ ಕೂತಿರುವ ಮಕ್ಕಳ ಮನೆಯವರದು ಅನ್ನುವುದು ಅದರ ತಿರುಳು. ಎಷ್ಟೋ ಕಡೆ ಹೆಸರು ಬದಲಾಯಿತು, ಕೂತವರು ಬದಲಾಗಲಿಲ್ಲ. ಅದಕ್ಕೇ ನಿಮ್ಮ ಕಾಗದ ಓದಿ ನನಗೆ ಇಷ್ಟು ಸಂತೋಷವಾಗಿದ್ದು.

ಈಗ ಅವಿರೋಧದ ಮಾತು. ಎಲ್ಲ ಪೋಷಕರನ್ನೂ ಕರೆದು, ಯಾರು ಯಾರಿಗೆ ಆಸೆ ಇದೆ ಅಂತ ಕೇಳಿ, ಇರುವ ಜಾಗಕ್ಕೆ ಅಷ್ಟೇ ಜನ ಬಂದರೆ ಅವಿರೋಧ ಆಯ್ಕೆ ಒಳ್ಳೆಯದೇ. ಗುಡಿ ಕಟ್ಟೆಯ ಮೇಲೆ ನಾಲ್ಕು ಜನ ಬರೆದ ಪಟ್ಟಿ ಅವಿರೋಧ ಅಲ್ಲ, ಕೇಳದೆ ಮಾಡಿದ ತೀರ್ಮಾನ. ಊರು ಒಡೆಯುತ್ತದೆ ಅನ್ನುವ ಹೆದರಿಕೆಯನ್ನು ಹೆಣ್ಣುಮಕ್ಕಳ ಮೇಲೆ ಮೊದಲಿನಿಂದಲೂ ಹೇರುತ್ತಾ ಬಂದಿದ್ದಾರೆ. ಪಂಚಾಯ್ತಿ ಚುನಾವಣೆಯಲ್ಲಿ ಎರಡು ಪಾರ್ಟಿಯವರು ಬಡಿದಾಡುವಾಗ ಯಾರಿಗೂ ಊರು ಒಡೆಯುವ ನೆನಪಾಗುವುದಿಲ್ಲ.

ನೀವು ಮಾಡಬೇಕಾದದ್ದು ಹೀಗೆ. ನಾಳೆಯೇ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕಂಡು, ಪೋಷಕರ ಸಭೆ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಕೇಳಿ. ಬಾಯಲ್ಲಿ ಕೇಳಿದ್ದು ಸಾಲದು. ಒಂದು ಬಿಳಿ ಹಾಳೆಯಲ್ಲಿ, ‘ನನ್ನ ಮಕ್ಕಳು ಈ ಶಾಲೆಯಲ್ಲಿ ಓದುತ್ತಿದ್ದು, ನಾನು ಎಸ್‌ಡಿಎಂಸಿ ಸದಸ್ಯತ್ವಕ್ಕೆ ಸ್ಪರ್ಧಿಸಲು ಇಚ್ಛಿಸುತ್ತೇನೆ. ಸಭೆಯ ದಿನಾಂಕವನ್ನು ಎಲ್ಲ ಪೋಷಕರಿಗೂ ತಿಳಿಸಬೇಕಾಗಿ ಕೋರುತ್ತೇನೆ’ ಅಂತ ಬರೆದುಕೊಡಿ. ಅದರ ಇನ್ನೊಂದು ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಅಂತ ಸಹಿ, ತಾರೀಖು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಮೇಷ್ಟ್ರ ಜೊತೆ ಜಗಳದ ದನಿ ಬೇಡ. ಎಷ್ಟೋ ಮುಖ್ಯ ಶಿಕ್ಷಕರಿಗೂ ಕಟ್ಟೆಯ ಪಟ್ಟಿ ನುಂಗಲಾರದ ತುತ್ತು. ನಿಮ್ಮ ಹಾಗೆ ಒಬ್ಬರು ಲಿಖಿತವಾಗಿ ಕೊಟ್ಟರೆ ಅವರಿಗೂ ‘ಅರ್ಜಿ ಬಂದಿದೆ, ಸಭೆ ಕರೆಯದೆ ವಿಧಿಯಿಲ್ಲ’ ಅನ್ನಲು ಒಂದು ಆಧಾರ ಸಿಗುತ್ತದೆ. ಸಭೆಯೇ ಕರೆಯದೆ ಸಮಿತಿ ಮಾಡಿಬಿಟ್ಟರೆ ಅದೇ ಪ್ರತಿಯನ್ನು ಲಗತ್ತಿಸಿ ಜಗಳೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರು ಕೊಡಬಹುದು. ಬಿಇಒ ಆಫೀಸು ಅಂದರೆ ಯಾರಾದರೂ ತೋರಿಸುತ್ತಾರೆ.

ಸಭೆಗೆ ಮುಂಚೆ ಬೇರೆ ತಾಯಂದಿರ ಜೊತೆ ಮಾತಾಡಿ. ಶುದ್ಧ ನೀರಿನ ಘಟಕದ ಮುಂದೆ ಕೊಡ ಹಿಡಿದು ನಿಂತಾಗ, ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ, ಹೊಲದಲ್ಲಿ ಕಳೆ ತೆಗೆಯುವಾಗ. ‘ನನಗೆ ವೋಟು ಹಾಕಿ’ ಅಂತ ಶುರು ಮಾಡಬೇಡಿ. ‘ನಿನ್ನ ಮಗಳು ಶಾಲೆಯಲ್ಲಿ ಎಲ್ಲಿಗೆ ಹೋಗ್ತಾಳೆ?’ ಅಂತ ಕೇಳಿ. ಮಾತು ತಾನೇ ಬರುತ್ತದೆ. ನಿಮ್ಮ ಕಡೆ ಎಷ್ಟೋ ಜನ ಕಾಫಿ ಸೀಮೆಗೆ ದುಡಿಯಲು ಹೋಗುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಇರುತ್ತವೆ. ಆ ಅಜ್ಜಿಯರನ್ನು ಮರೆಯಬೇಡಿ. ಮಗುವನ್ನು ಇಟ್ಟುಕೊಂಡು ಸಾಕುತ್ತಿರುವವರು ಕಾನೂನಿನ ಕಣ್ಣಲ್ಲಿ ಪೋಷಕರೇ. ಇನ್ನೊಂದು ಮಾತು. ಸಭೆ ಬೆಳಿಗ್ಗೆ 11 ಗಂಟೆಗೆ ಇಟ್ಟರೆ ಕೂಲಿಗೆ ಹೋದವರು ಯಾರೂ ಬರಲಾರರು, ಬಂದರೆ ಒಂದು ದಿನದ ಕೂಲಿ ಹೋಯಿತು. ಶಾಲೆ ಬಿಡುವ ಹೊತ್ತಿಗೆ ಇಡಿ ಅಂತ ನಿಮ್ಮ ಅರ್ಜಿಯಲ್ಲೇ ಬರೆಯಿರಿ. ನನ್ನ ಅನುಭವದಲ್ಲಿ ಸಭೆಯ ಹೊತ್ತು ಬದಲಾದರೆ ಸಭೆಯ ಬಣ್ಣವೇ ಬದಲಾಗುತ್ತದೆ.

ಸಭೆಯ ದಿನ ನಿಮ್ಮ ಹೆಸರು ಸೂಚಿಸಲು ಒಬ್ಬರು, ಅನುಮೋದಿಸಲು ಇನ್ನೊಬ್ಬರು ತಾಯಂದಿರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಪಟ್ಟಿ ಓದಿ ‘ಎಲ್ಲರೂ ಒಪ್ಪಿದ್ರಲ್ಲಾ, ಚಪ್ಪಾಳೆ ತಟ್ಟಿ’ ಅನ್ನುವ ಗಳಿಗೆ ಒಂದು ಬರುತ್ತದೆ. ಬಹಳ ಬೇಗ ಬಂದು ಹೋಗುತ್ತದೆ. ಆಗ ಎದ್ದು ನಿಂತು, ‘ನನ್ನ ಹೆಸರನ್ನೂ ಬರ್ಕೊಳ್ರಿ’ ಅನ್ನಿ. ಅಷ್ಟೇ ಸಾಕು, ಭಾಷಣ ಬೇಡ. ಆಮೇಲೆ ಕೈ ಎತ್ತಿಸುತ್ತಾರೋ ಚೀಟಿ ಹಾಕಿಸುತ್ತಾರೋ ಅದು ಸಭೆಗೆ ಬಿಟ್ಟದ್ದು. ಚೀಟಿ ಆದರೆ ಒಳ್ಳೆಯದು ಅಂತ ನಾನು ಹೇಳುತ್ತೇನೆ, ಸಾಲ ಕೊಟ್ಟವರ ಎದುರಿಗೆ ಕೈ ಎತ್ತುವುದು ಎಲ್ಲರಿಗೂ ಸುಲಭವಲ್ಲ. ಊಟ ಹಾಕಿಸುವುದು, ಬ್ಯಾನರ್ ಕಟ್ಟುವುದು, ಯಾವುದಾದರೂ ಪಾರ್ಟಿಯವರ ಹೆಸರು ಹೇಳಿಕೊಳ್ಳುವುದು ಯಾವುದೂ ಬೇಡ.

ನಿಮ್ಮ ಮನೆಯವರ ಭಯ ನನಗೆ ಅರ್ಥವಾಗುತ್ತದೆ. ಮಕ್ಕಳನ್ನು ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡನ್ನೂ ಅದೇ ಕಾಯ್ದೆಯ 17ನೇ ಕಲಂ ನಿಷೇಧಿಸಿದೆ, ಮಾಡಿದವರ ಮೇಲೆ ಶಿಸ್ತುಕ್ರಮ ಆಗುತ್ತದೆ. ಇದನ್ನು ಅವರಿಗೆ ಹೇಳಿ. ಇನ್ನೂ ಒಂದು ಹೇಳಿ: ನಾನು ಮುಖ್ಯ ಶಿಕ್ಷಕಿಯಾಗಿ ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿ ಕೂತವಳು, ಮೇಜಿನ ಆ ಕಡೆಯಿಂದ ನೋಡಿದವಳು. ಕೇಳುವ ತಾಯಿ ಇದ್ದಾಳೆ ಅಂತ ಗೊತ್ತಾದ ಮೇಲೆ ಆ ಮಗುವಿನ ಮೇಲೆ ಶಿಕ್ಷಕರ ಗಮನ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆರಿಸಿ ಬಂದರೆ ಏನು ಮಾಡೋಕಾಗುತ್ತದೆ ಅಂತ ಕೇಳಿದ್ದೀರಿ. ಬಹಳ ಮಾಡಬಹುದು, ಆದರೆ ಅದೆಲ್ಲ ನಡಾವಳಿ ಪುಸ್ತಕದ ಮೂಲಕವೇ ಆಗಬೇಕು. ಸಭೆಯಲ್ಲಿ ನೀವು ಎಷ್ಟು ಜೋರಾಗಿ ಮಾತಾಡಿದರೂ ಪುಸ್ತಕದಲ್ಲಿ ಬರೆಯದಿದ್ದರೆ ಅದು ಆಡಲೇ ಇಲ್ಲ ಅಂತ ಲೆಕ್ಕ. ‘ಹುಡುಗಿಯರ ಶೌಚಾಲಯದ ಬೀಗ ತೆಗೆದು, ನೀರಿನ ಸಂಪರ್ಕ ಸರಿಪಡಿಸುವ ಬಗ್ಗೆ ಚರ್ಚಿಸಿ ತೀರ್ಮಾನಿಸಲಾಯಿತು’ ಅಂತ ಬರೆಸಿ. ಯಾರು ಮಾಡಬೇಕು, ಯಾವ ತಾರೀಖಿನ ಒಳಗೆ ಅನ್ನುವುದನ್ನೂ ಬರೆಸಿ. ಮುಂದಿನ ಸಭೆಯಲ್ಲಿ ಮೊದಲು ಹಿಂದಿನ ನಡಾವಳಿ ಓದಿಸಿ. ಪುಸ್ತಕವನ್ನು ಮನೆಗೆ ಕಳಿಸಿ ‘ಇಲ್ಲೊಂದು ಸಹಿ ಹಾಕಮ್ಮಾ’ ಅಂತ ಯಾರಾದರೂ ಹುಡುಗನ ಕೈಯಲ್ಲಿ ಹೇಳಿ ಕಳಿಸಿದರೆ ಹಾಕಬೇಡಿ. ಖಾಲಿ ಪುಟಕ್ಕಂತೂ ಯಾರು ಹೇಳಿದರೂ ಸಹಿ ಹಾಕಬೇಡಿ. ನಿಧಾನವಾಗಿ ಓದಿ, ಗೊತ್ತಾಗದ ಪದ ಕೇಳಿ ತಿಳಿದುಕೊಂಡು ಸಹಿ ಮಾಡಿ.

ಶೌಚಾಲಯಕ್ಕೆ ದುಡ್ಡಿಲ್ಲ ಅನ್ನುವ ಉತ್ತರ ಬರಬಹುದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆ ನೋಡಿ ವರ್ಷಕ್ಕೊಮ್ಮೆ ಶಾಲಾ ಅನುದಾನ ನಿಗದಿ ಮಾಡಿದ್ದಾರೆ. 30ರವರೆಗೆ ಮಕ್ಕಳಿದ್ದರೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಖರ್ಚು ಮಾಡಬೇಕು. ಎಷ್ಟು ಬಂತು, ಯಾವುದಕ್ಕೆ ಹೋಯಿತು, ರಸೀದಿ ಎಲ್ಲಿದೆ ಅಂತ ನೋಡುವುದು ಸಮಿತಿಯ ಕೆಲಸ ಅಂತಲೇ ಕಾಯ್ದೆಯಲ್ಲಿದೆ. ನೀರಿನ ಪೈಪು, ಕಾಂಪೌಂಡ್ ಮುಂತಾದ ದೊಡ್ಡ ಕೆಲಸಕ್ಕೆ ಗ್ರಾಮ ಪಂಚಾಯ್ತಿಗೆ ನಡಾವಳಿಯ ಪ್ರತಿ ಲಗತ್ತಿಸಿ ಅರ್ಜಿ ಕೊಡಿ. ಕುಡಿಯುವ ನೀರು ಎಲ್ಲಿಂದ ಬರುತ್ತಿದೆ ಅಂತಲೂ ನೋಡಿ. ಜಗಳೂರು ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಕಥೆ, ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳು ನೀರು ಕುಡಿಯುವಂತಾದರೆ ಸಾಲದು, ಒಳ್ಳೆಯ ನೀರು ಕುಡಿಯಬೇಕು.

ನಮ್ಮ ಶಾಲೆಯ ಸಮಿತಿಯಲ್ಲಿದ್ದ ಒಬ್ಬ ತಾಯಿಯ ವಿಷಯ ಹೇಳಲೇಬೇಕು. ಓದು ಬರಹ ಅಷ್ಟಕ್ಕಷ್ಟೆ, ಆದರೆ ಕಾಳು ಅಳೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅಕ್ಷರ ದಾಸೋಹದಲ್ಲಿ 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಅಂತ ಒಂದು ಸಭೆಯಲ್ಲಿ ನಾನು ಓದಿ ಹೇಳಿದ್ದೆ. ಅವರು ಅದನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು. ಒಂದು ಸಂತೆಯ ದಿನ ಊಟದ ಹೊತ್ತಿಗೆ ಬಂದು, ಸಾಲಾಗಿ ಕೂತ ಮಕ್ಕಳ ಹಿಂದೆ ನಡೆಯುತ್ತಾ ಒಂದೊಂದು ತಲೆಯನ್ನೂ ಎಣಿಸಿದರು. 62. ಆಮೇಲೆ ಉಗ್ರಾಣಕ್ಕೆ ಹೋಗಿ ದಾಸ್ತಾನು ಪುಸ್ತಕ ಓದಿಸಿದರು. ಅವತ್ತಿನ ಸಾಲಿನಲ್ಲಿ ಎಂಟು ಕೆಜಿ ನಾನೂರು ಗ್ರಾಂ ಅಕ್ಕಿ ಅಂತ ಇತ್ತು. ‘ಮೇಡಂ, ಆರು ಕೆಜಿ ಇನ್ನೂರು ಗ್ರಾಂ ಆಗ್ಬೇಕಲ್ಲ, ಉಳಿದ ಎರಡು ಕೆಜಿ ಇನ್ನೂರು ಎಲ್ಲೈತೆ?’ ಅಂತ ಕೇಳಿದರು. ಅಡುಗೆ ಲೆಕ್ಕ ಬರೆಯುತ್ತಿದ್ದ ಸಹಶಿಕ್ಷಕರು ಬೆಳಗಿನ ಹಾಜರಿ 84ನ್ನೇ ಇಳಿಸಿದ್ದರು, ಸಂತೆಗೆ ಹೋಗುವವರು ಅರ್ಧ ದಿನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದರು. ಅಕ್ಕಿ ಡಬ್ಬದಲ್ಲೇ ಇತ್ತು. ಅವತ್ತಿನಿಂದ ಊಟಕ್ಕೆ ಕೂತವರನ್ನು ಎಣಿಸಿಯೇ ಬರೆಯುವುದು ಅಂತ ನಡಾವಳಿಯಾಯಿತು. ಅವರು ಯಾರ ಮೇಲೂ ಕೂಗಾಡಲಿಲ್ಲ, ಕಳ್ಳತನ ಅಂತ ಯಾರಿಗೂ ಅನ್ನಲಿಲ್ಲ. ಎಣಿಸಿದರು, ಕೇಳಿದರು. ನೀವು ಹೋಗಬೇಕಾದ ದಾರಿ ಇದು.

ಸಮಿತಿಗೆ ಆಗದ ಕೆಲಸಗಳೂ ಇವೆ. ಶಿಕ್ಷಕರನ್ನು ವರ್ಗ ಮಾಡಿಸುವ ಅಧಿಕಾರ ನಿಮಗಿಲ್ಲ. ತರಗತಿಯೊಳಗೆ ನುಗ್ಗಿ ಮಕ್ಕಳ ಮುಂದೆ ಮೇಷ್ಟ್ರನ್ನು ಗದರಿಸುವುದಂತೂ ಸಲ್ಲದು, ಆಮೇಲೆ ಆ ಮಕ್ಕಳು ಅವರ ಮಾತು ಕೇಳುವುದು ಹೇಗೆ? ಶಿಕ್ಷಕರು ಸಾಲದಿದ್ದರೆ ಕೇಳುವ ಹಕ್ಕು ಮಾತ್ರ ಪೂರ್ತಿ ಇದೆ. ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರು ಇರಲೇಬೇಕು. ಇಲ್ಲದಿದ್ದರೆ ನಡಾವಳಿ ಮಾಡಿ ಬಿಇಒ ಅವರಿಗೆ ಕಳಿಸಿ, ಅತಿಥಿ ಶಿಕ್ಷಕರನ್ನಾದರೂ ಕೊಡಿ ಅಂತ ಕೇಳಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಶಾಲೆಗೆ ಬಂದಾಗಲೂ ನೆನಪಿಸಿ.

ಒಂದು ವೇಳೆ ಆರಿಸಿ ಬರದೇ ಹೋದರೆ? ತಾಯಿಯಾಗಿ ಕೇಳುವ ಹಕ್ಕು ಎಲ್ಲೂ ಹೋಗುವುದಿಲ್ಲ. ನಡಾವಳಿಯ ನಕಲು, ಅನುದಾನದ ಲೆಕ್ಕ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ಬಿಪಿಎಲ್ ಕಾರ್ಡು ಇದ್ದರೆ ಅರ್ಜಿ ಶುಲ್ಕವೂ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ನನಗೆ ನೀವು ಒಳಗೆ ಹೋಗಬೇಕು ಅಂತಲೇ ಆಸೆ. ಸಭೆಯಲ್ಲಿ ಏನಾಯಿತು ಅಂತ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನನ್ನ ಹೆಂಡತಿ ನಮ್ಮೂರ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷೆ. ಅವಳಿಗೆ ಮನೆ ಕೆಲಸ, ದನಕರು, ಶೇಂಗಾ ಬಿಡಿಸುವ ಕಾಲದಲ್ಲಿ ಪುರುಸೊತ್ತೇ ಇಲ್ಲ. ಸಭೆಗೆ ನಾನೇ ಹೋಗಿ ಬರ್ತೀನಿ, ಸಹಿ ಮಾತ್ರ ಅವಳೇ ಹಾಕ್ತಾಳೆ. ಈಗ ಬಂದಿರುವ ಹೊಸ ಮುಖ್ಯ ಶಿಕ್ಷಕಿ ಇದು ನಡೆಯಲ್ಲ ಅಂತಾರೆ. ನಾನೂ ಅದೇ ಮಕ್ಕಳ ತಂದೆ ಅಲ್ವಾ? ಇದರಲ್ಲಿ ತಪ್ಪೇನಿದೆ?
— ಒಬ್ಬ ಪೋಷಕ, ಚಳ್ಳಕೆರೆ ತಾಲ್ಲೂಕು

ಉತ್ತರ: ಹೊಸ ಮುಖ್ಯ ಶಿಕ್ಷಕಿ ಹೇಳಿದ್ದು ಸರಿ. ಪೋಷಕರು ಆರಿಸಿದ್ದು ನಿಮ್ಮ ಹೆಂಡತಿಯನ್ನು, ನಿಮ್ಮನ್ನಲ್ಲ. ಸಮಿತಿಯ ಬ್ಯಾಂಕ್ ಖಾತೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಹೆಸರಿನಲ್ಲಿ ಇರುತ್ತದೆ. ನೀವು ಸಭೆಯಲ್ಲಿ ಕೂತು ಒಪ್ಪಿಕೊಂಡ ಖರ್ಚಿಗೆ ನಾಳೆ ಆಡಿಟ್‌ನವರು ಪ್ರಶ್ನೆ ಎತ್ತಿದರೆ ಉತ್ತರ ಕೊಡಬೇಕಾದವರು ನಿಮ್ಮ ಮನೆಯವರು. ಏನು ಚರ್ಚೆಯಾಯಿತು ಅಂತಲೇ ಗೊತ್ತಿಲ್ಲದೆ ಅವರು ಹೇಗೆ ಉತ್ತರ ಕೊಟ್ಟಾರು? ಅವರಿಗೆ ಪುರುಸೊತ್ತಿಲ್ಲ ಅನ್ನುವುದನ್ನು ನಾನು ನಂಬುತ್ತೇನೆ. ಸಭೆಯ ದಿನ ಹಾಲು ಕರೆಯುವುದು, ದನಕ್ಕೆ ಮೇವು ಹಾಕುವುದು, ಮಕ್ಕಳಿಗೆ ಊಟ ಹಾಕುವುದು ನೀವು ವಹಿಸಿಕೊಂಡರೆ ಅವರಿಗೆ ಒಂದೆರಡು ತಾಸು ಸಿಗುತ್ತದೆ. ಶಾಲೆಯ ಕೆಲಸದಲ್ಲಿ ನಿಮಗೂ ಆಸಕ್ತಿ ಇದೆ ಅಂತ ಕಾಣುತ್ತದೆ, ಒಳ್ಳೆಯದು. ಪೋಷಕರ ಸಭೆಗೆ ಪೋಷಕರಾಗಿ ಬನ್ನಿ.

ಪ್ರಶ್ನೆ: ದಾವಣಗೆರೆಯ ಹಳೇ ಭಾಗದ ಸರ್ಕಾರಿ ಶಾಲೆಯಲ್ಲಿ ನಾನು ಓದಿದ್ದು. ನಮ್ಮ ತಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಓದಿಸಿದರು. ಈಗ ದೇವರ ದಯೆಯಿಂದ ಸ್ವಂತ ವ್ಯಾಪಾರ ಇದೆ. ಆ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷನಾಗಿ ಶಾಲೆಯನ್ನು ಉದ್ಧಾರ ಮಾಡಬೇಕು ಅಂತಿದೆ. ನನ್ನ ಮಕ್ಕಳು ಖಾಸಗಿ ಶಾಲೆಯಲ್ಲಿ ಓದ್ತಾರೆ. ಅವಕಾಶ ಇದೆಯಾ?
— ಹಳೇ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೆ ಅಧ್ಯಕ್ಷರಾಗಲು ಬರುವುದಿಲ್ಲ. ಆರಿಸಿ ಬಂದ ಪೋಷಕ ಪ್ರತಿನಿಧಿಗಳು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಮಗು ಆ ಶಾಲೆಯಲ್ಲಿ ಇಲ್ಲದವರಿಗೆ ಆ ಕುರ್ಚಿ ಇಲ್ಲ, ಇರಬಾರದು ಕೂಡ. ಇವತ್ತು ಭಟ್ಟಿಯಲ್ಲಿ ದುಡಿಯುತ್ತಿರುವ ಒಬ್ಬ ತಂದೆಯೋ ತಾಯಿಯೋ ಅಲ್ಲಿ ಕೂರಲಿ.

ಸಹಾಯ ಮಾಡಲು ಕುರ್ಚಿ ಬೇಕಿಲ್ಲ. ಸಮಿತಿಯ ಸಭೆ ಇದ್ದಾಗ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಹೋಗಿ, ಶಾಲಾಭಿವೃದ್ಧಿ ಯೋಜನೆಯಲ್ಲಿ ಏನೇನು ಬರೆದಿದ್ದಾರೆ ಅಂತ ಕೇಳಿ. ಆ ಯೋಜನೆಯನ್ನು ಸಮಿತಿಯೇ ತಯಾರಿಸಬೇಕು ಅಂತ ಕಾಯ್ದೆಯ 22ನೇ ಕಲಂನಲ್ಲಿದೆ. ಅದರಲ್ಲಿ ಮೊದಲು ಬೇಕಾದದ್ದು ಬೆಂಚೋ, ಗ್ರಂಥಾಲಯದ ಪುಸ್ತಕವೋ, ಅಂಗವಿಕಲ ಮಕ್ಕಳಿಗೆ ಇಳಿಜಾರು ದಾರಿಯೋ, ಅದನ್ನೇ ಕೊಡಿ. ನಿಮಗೆ ಇಷ್ಟವಾದ ಕಮಾನು ಕಟ್ಟಿಸಿ ಹೆಸರು ಕೆತ್ತಿಸುವುದಕ್ಕಿಂತ ಅದು ಮಕ್ಕಳ ಕೈಗೆ ತಲುಪುತ್ತದೆ. ನಗದು ಯಾರ ಕೈಗೂ ಕೊಡಬೇಡಿ. ಸಮಿತಿಯ ಖಾತೆಗೆ ಚೆಕ್ ಕೊಟ್ಟು ರಸೀದಿ ಪಡೆಯಿರಿ, ಸಾಮಾನು ಕೊಟ್ಟರೆ ಶಾಲೆಯ ದಾಸ್ತಾನು ಪುಸ್ತಕದಲ್ಲಿ ಏರಿಸಿದ್ದಾರೆಯೇ ಅಂತ ನೋಡಿಕೊಂಡು ಬನ್ನಿ.